ಗಿಡ ನೆಟ್ಟರೆ ಜಗಳ ನಿಲ್ಲುತ್ತಾ? ಕ್ರೈಸ್ತರ ಪರಿಸರ ಕೆಲಸ ಮತ್ತು ಶಾಂತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಪರಿಸರ ಸಮಿತಿಯಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಸಮಿತಿ ಅಂದರೆ ನಾಲ್ಕು ಜನ, ಎರಡು ಸನಿಕೆ, ಒಂದು ರಿಜಿಸ್ಟರ್. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ಕೇಳಿದ ಪ್ರಶ್ನೆಗಳು, ಪತ್ರದಲ್ಲಿ ಬರೆದು ಕಳಿಸಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ನನಗೇ ಬೆವರು ಬರಿಸಿದವು ಕೊನೆಗೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲಿಗೆ

ಚರ್ಚ್‌ನವರಿಗೆ ಗಿಡಮರದ ಉಸಾಬರಿ ಯಾಕೆ ಸಾರ್? ಪ್ರಾರ್ಥನೆ ಮಾಡಿಕೊಂಡು ಇರಬಾರದಾ?

ಪ್ರಾರ್ಥನೆಯಲ್ಲೇ "ನಮ್ಮ ಅನುದಿನದ ಆಹಾರ ದಯಪಾಲಿಸು" ಅಂತ ಕೇಳುತ್ತೇವೆ. ಆ ಆಹಾರ ಮಣ್ಣಿನಿಂದ ಬರಬೇಕು, ಮಣ್ಣಿಗೆ ನೀರು ಬೇಕು. ಉಸಾಬರಿ ಅಲ್ಲಿಂದಲೇ ಶುರು.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ "ಮನೆವಾರ್ತೆಯವನು" ಅನ್ನುವ ಮಾತಿದೆ. ಯಜಮಾನ ಊರಲ್ಲಿ ಇಲ್ಲದಾಗ ಮನೆ ನೋಡಿಕೊಳ್ಳುವವನು. ಲೂಕನ ಸುವಾರ್ತೆಯಲ್ಲಿ ಅವನಿಗೆ ಒಪ್ಪಿಸಿದ ಕೆಲಸ ಬಹಳ ಸರಳ: ಮನೆಯಲ್ಲಿರುವ ಎಲ್ಲರಿಗೂ ಹೊತ್ತುಹೊತ್ತಿಗೆ ಊಟ ಅಳೆದುಕೊಡಬೇಕು. ಉಗ್ರಾಣ ಅವನದಲ್ಲ, ಬೀಗದ ಕೈ ಮಾತ್ರ ಅವನದು. ಭೂಮಿಯ ಮಟ್ಟಿಗೆ ಮನುಷ್ಯನ ಜಾಗ ಅದು ಅಂತ ಕ್ರೈಸ್ತರು ನಂಬುತ್ತಾರೆ. ಕನಿಷ್ಠ ನಂಬಬೇಕು.

ಪರಿಸರ ಸರಿ, ಒಪ್ಪಿಕೊಂಡೆ. ಅದಕ್ಕೂ ಶಾಂತಿಗೂ ಏನು ಸಂಬಂಧ?

ನಮ್ಮದೇ ಕಥೆ ಹೇಳುತ್ತೇನೆ. ಮರ್ಯಾದೆಯ ಕಥೆ ಅಲ್ಲ. ನಮ್ಮ ಸಭೆಯ ಹಾಲ್‌ಅನ್ನು ಮದುವೆಗಳಿಗೆ ಬಾಡಿಗೆಗೆ ಕೊಡಲು ಶುರು ಮಾಡಿದಾಗ ನೀರು ಸಾಲದೆ ಬೋರ್‌ವೆಲ್ ಕೊರೆಸಿದೆವು. ಒಳ್ಳೆಯ ನೀರು ಸಿಕ್ಕಿತು. ಸ್ತೋತ್ರ ಆರಾಧನೆ ಕೂಡ ಮಾಡಿದೆವು. ಎರಡನೇ ಬೇಸಿಗೆಗೆ ಹಿಂದಿನ ಬೀದಿಯ ಅಜ್ಜಿಯ ತೆರೆದ ಬಾವಿ ಬತ್ತಿತು. ಆಮೇಲೆ ಅದರ ಪಕ್ಕದ್ದು.

ಯಾರೂ ಬಂದು ನೇರವಾಗಿ ಕೇಳಲಿಲ್ಲ. ಜಗಳ ಬೇರೆ ರೂಪದಲ್ಲಿ ಬಂತು. ನಮ್ಮ ಮೈಕಿನ ಸದ್ದು ಜಾಸ್ತಿ ಅಂದರು. ಅವರ ಗಣೇಶನ ಮೆರವಣಿಗೆ ನಮ್ಮ ಗೇಟಿನ ಮುಂದೆ ಬೇಕಂತಲೇ ನಿಲ್ಲುತ್ತದೆ ಅಂತ ನಮ್ಮವರು ಅಂದರು. ಕಾಂಪೌಂಡಿನ ಮೇಲೆ ಯಾರೋ ಗಾಜಿನ ಚೂರು ನೆಡಿಸಿದರು. ಶಾಂತಿ ಸಭೆ ಅಂತ ಒಂದು ಆಯಿತು, ಬಿಸ್ಕತ್ತು ತಿಂದು ಎದ್ದೆವು. ಕೊನೆಗೆ ಒಂದು ದಿನ ಆ ಅಜ್ಜಿಯೇ ಗೇಟಿನ ಹತ್ತಿರ ನಿಂತು, "ಏನಪ್ಪಾ, ನಿಮ್ಮ ದೇವರ ಮನೇಲಿ ಮದುವೆಗೆ ನೀರು ಹರಿಯುತ್ತೆ, ನನ್ನ ಬಾವೀಲಿ ಕೊಡ ಮುಳುಗಲ್ಲ" ಅಂದರು.

ಆಗ ಗೊತ್ತಾಯಿತು. ಧರ್ಮದ ಜಗಳ ಅಂತ ನಾವು ಅಂದುಕೊಂಡಿದ್ದು ನೀರಿನ ಜಗಳ. ಹಾಲ್‌ನ ಮದುವೆ ಬುಕಿಂಗ್ ಅರ್ಧಕ್ಕೆ ಇಳಿಸಿದೆವು. ಚಾವಣಿಯ ಮಳೆನೀರನ್ನು ಪೈಪಿನಲ್ಲಿ ಹಿಂದಿನ ಬೀದಿಯ ಕಡೆಗೆ ತಂದು ಇಂಗುಗುಂಡಿ ಮಾಡಿದೆವು. ಜಲ್ಲಿ, ಇದ್ದಿಲು, ಮರಳು ಹಾಕುವಾಗ ಆ ಬೀದಿಯ ಹುಡುಗರೂ ಬಂದರು. ಎರಡು ಮಳೆಗಾಲ ಬೇಕಾಯಿತು. ಮೈಕಿನ ಮಾತು ಯಾವಾಗ ನಿಂತಿತು ಅಂತ ಯಾರಿಗೂ ನೆನಪಿಲ್ಲ.

ಮುಂದಿನ ಯುದ್ಧ ನೀರಿಗಾಗಿ ಅಂತಾರಲ್ಲ, ನಿಜಾನಾ?

ಕೇಳಲು ರೋಚಕವಾಗಿದೆ. ಲೆಕ್ಕ ಬೇರೆ ಹೇಳುತ್ತದೆ. ಅಮೆರಿಕದ ಭೂಗೋಳ ತಜ್ಞ ಆರನ್ ವುಲ್ಫ್ ಮತ್ತು ಸಂಗಡಿಗರು 1948ರಿಂದ 1999ರವರೆಗೆ ದೇಶದೇಶಗಳ ನಡುವೆ ಹರಿಯುವ ನದಿಗಳ ಬಗ್ಗೆ ನಡೆದ 1,800ಕ್ಕೂ ಹೆಚ್ಚು ಘಟನೆಗಳನ್ನು ಪಟ್ಟಿ ಮಾಡಿದರು. ಮೂರರಲ್ಲಿ ಸುಮಾರು ಎರಡು ಪಾಲು ಸಹಕಾರದ ಘಟನೆಗಳು. ಒಪ್ಪಂದ, ಮಾತುಕತೆ, ಜಂಟಿ ಕೆಲಸ. ಜಗಳ ಇತ್ತು, ಬೈದಾಟ ಬೇಕಾದಷ್ಟಿತ್ತು, ನೀರಿಗಾಗಿಯೇ ಪೂರ್ತಿ ಯುದ್ಧ ಅನ್ನುವಂಥದ್ದು ಕಾಣಲಿಲ್ಲ.

ಒಂದೇ ದೇಶದೊಳಗಿನ ಜಗಳಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕಾವೇರಿಯ ವಿಷಯದಲ್ಲಿ 1991ರ ಡಿಸೆಂಬರ್ ಮತ್ತು 2016ರ ಸೆಪ್ಟೆಂಬರ್ ನಮಗೆ ಮರೆತಿಲ್ಲ. ಹಾಗೇ 2003ರಲ್ಲಿ ಎರಡೂ ರಾಜ್ಯದ ರೈತರು "ಕಾವೇರಿ ಕುಟುಂಬ" ಅಂತ ಕೂಡಿ, ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ನೋಡಿದ್ದೂ ಇದೆ. ಅದು ಚರ್ಚಿನ ಕೆಲಸ ಅಲ್ಲ. ಆದರೂ ಇಲ್ಲಿ ಹೇಳಿದೆ. ಬಸ್ಸಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ಗೊತ್ತು, ರೈತರು ಗದ್ದೆ ನೋಡಲು ಹೋದದ್ದು ಎಷ್ಟು ಜನಕ್ಕೆ ಗೊತ್ತು?

## ಬೈಬಲಿನ ಕಡೆಯಿಂದ

"ಭೂಮಿಯನ್ನು ವಶಮಾಡಿಕೊಳ್ಳಿರಿ, ದೊರೆತನ ಮಾಡಿರಿ" ಅಂತ ಬೈಬಲ್ಲೇ ಹೇಳುತ್ತಲ್ಲ? ಹಾಳು ಮಾಡಿದ್ದೇ ಅದಲ್ವಾ?

ಈ ಆರೋಪ ಹೊಸದಲ್ಲ. 1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ ಇದನ್ನೇ ಬರೆದರು. ಅವರೂ ಕ್ರೈಸ್ತರೇ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ವಾಕ್ಯ ಹಿಡಿದುಕೊಂಡು ಕಾಡು ಕಡಿದವರು, ಬೇರೆಯವರ ದೇಶ ಕಬಳಿಸಿದವರು ಇದ್ದಾರೆ.

ಆದರೆ ಆ ವಾಕ್ಯ ಇರುವುದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 1ನೇ ಅಧ್ಯಾಯದಲ್ಲಿ. ಅಲ್ಲಿಗೇ ಪುಸ್ತಕ ಮುಚ್ಚಬಾರದು. 2:15ರಲ್ಲಿ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಯಾಕೆ? ವ್ಯವಸಾಯ ಮಾಡಲು ಮತ್ತು ಕಾಯಲು. "ಕಾಯು" ಅನ್ನುವುದಕ್ಕೆ ಹೀಬ್ರೂ ಮೂಲದಲ್ಲಿ "ಶಾಮರ್" ಅಂತಿದೆ. ಎರಡೇ ಅಧ್ಯಾಯ ದಾಟಿದರೆ ಅದೇ ಧಾತು ಮತ್ತೆ ಬರುತ್ತದೆ. ತಮ್ಮನನ್ನು ಕೊಂದ ಕಾಯಿನನನ್ನು ದೇವರು, ನಿನ್ನ ತಮ್ಮ ಎಲ್ಲಿ ಅಂತ ಕೇಳುತ್ತಾನೆ. ನಾನೇನು ಅವನನ್ನು ಕಾಯುವವನೋ ಅಂತ ಕಾಯಿನ ತಿರುಗಿ ಕೇಳುತ್ತಾನೆ. ತೋಟ ಕಾಯುವುದಕ್ಕೂ ತಮ್ಮನನ್ನು ಕಾಯುವುದಕ್ಕೂ ಒಂದೇ ಮಾತು. ಮುಂದಿನ ವಾಕ್ಯದಲ್ಲಿ ರಕ್ತ ಕೂಗುವುದು ಮಣ್ಣಿನಿಂದ. ಶಿಕ್ಷೆಯೂ ಮಣ್ಣಿನದೇ: ಉತ್ತರೂ ಅದು ಇನ್ನು ಫಲ ಕೊಡುವುದಿಲ್ಲ.

ನನ್ನನ್ನು ಕೇಳಿದರೆ ಈ ಇಡೀ ವಿಷಯಕ್ಕೆ ಇದೊಂದೇ ಭಾಗ ಸಾಕು.

ಶಾಂತಿ, ಮಣ್ಣು, ನೀರು ಮೂರೂ ಒಟ್ಟಿಗೆ ಬರುವ ಕಥೆ ಇದೆಯಾ? ಭಾನುವಾರದ ಪ್ರಸಂಗಕ್ಕೆ ಬೇಕಿತ್ತು.

ಇಸಾಕನ ಬಾವಿಗಳು, ಆದಿಕಾಂಡ 26. ಅವನ ತಂದೆ ಅಬ್ರಹಾಮ ತೋಡಿಸಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿರುತ್ತಾರೆ. ನಿಮಗೂ ಇಲ್ಲ, ನಮಗೂ ಇಲ್ಲ ಅನ್ನುವ ಹೊಟ್ಟೆಕಿಚ್ಚು. ಇಸಾಕನ ಆಳುಗಳು ಹೊಸ ಬಾವಿ ತೋಡಿದರೆ ಗೆರಾರಿನ ದನಗಾಹಿಗಳು ನೀರು ನಮ್ಮದು ಅಂತ ಜಗಳಕ್ಕೆ ಬರುತ್ತಾರೆ. ಆ ಬಾವಿಗೆ ಏಸೆಕ್, ಅಂದರೆ ಜಗಳ ಅಂತಲೇ ಹೆಸರಿಡುತ್ತಾನೆ. ಎರಡನೆಯದಕ್ಕೂ ಜಗಳ. ಅದಕ್ಕೆ ಸಿಟ್ನಾ, ಹಗೆತನ. ಮೂರನೆಯದಕ್ಕೆ ಯಾರೂ ಬರಲಿಲ್ಲ. ಅದು ರೆಹೋಬೋತ್, ವಿಶಾಲವಾದ ಜಾಗ. ಆಮೇಲೆ ಅದೇ ಊರಿನ ರಾಜ ಬಂದು ಊಟ ಮಾಡಿ ಒಪ್ಪಂದ ಮಾಡಿಕೊಳ್ಳುತ್ತಾನೆ. ಅದೇ ದಿನ ಇನ್ನೊಂದು ಬಾವಿಯಲ್ಲಿ ನೀರು ಸಿಕ್ಕಿತು ಅಂತ ಆಳುಗಳು ಓಡಿಬರುತ್ತಾರೆ.

ಇನ್ನೂ ಬೇಕಿದ್ದರೆ ಧರ್ಮೋಪದೇಶಕಾಂಡ 20:19. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದು ಅನ್ನುವ ಯುದ್ಧ ನಿಯಮ. ನಾಬೋತನ ದ್ರಾಕ್ಷಿತೋಟದ ಕಥೆಯೂ ಇದೆ. ಅರಸನಿಗೆ ಸೊಪ್ಪಿನ ತೋಟ ಮಾಡುವ ಆಸೆ, ಅದಕ್ಕೆ ಒಬ್ಬ ರೈತನ ಕೊಲೆ. ಹೋಶೇಯ 4ರ ಮೊದಲ ಮೂರು ವಾಕ್ಯ ಓದಿದರಂತೂ ಇವತ್ತಿನ ಪೇಪರ್ ಓದಿದ ಹಾಗೆ: ದೇಶದಲ್ಲಿ ಸುಳ್ಳು, ಕಳ್ಳತನ, ಕೊಲೆ, ಆಮೇಲೆ ನೆಲ ಬಾಡುತ್ತದೆ, ಹಕ್ಕಿ, ಮೀನು ಸಾಯುತ್ತವೆ.

ಲೋಕ ಹೇಗೂ ಒಂದು ದಿನ ಸುಟ್ಟುಹೋಗುತ್ತೆ. ಯಾಕೆ ಇಷ್ಟು ಕಷ್ಟ?

ದೇಹವೂ ಒಂದು ದಿನ ಹೋಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವುದನ್ನು ಬಿಟ್ಟಿದ್ದೇವಾ? ಎರಡನೇ ಪೇತ್ರ 3ರ ಬೆಂಕಿಯ ಮಾತು ಓದುವವರು ಅದೇ ಅಧ್ಯಾಯದ ಹೊಸ ಭೂಮಿಯ ಮಾತನ್ನೂ ಓದಲಿ. ಕೊಲೊಸ್ಸೆ 1:20ರಲ್ಲಿ ಕ್ರಿಸ್ತನು ಸಮಾಧಾನ ಮಾಡಿದ್ದು ಮನುಷ್ಯರನ್ನು ಮಾತ್ರ ಅಂತ ಇಲ್ಲ, "ಸಮಸ್ತ" ಅಂತಿದೆ.

ಇದು ಕ್ಯಾಥೊಲಿಕರದ್ದಾ, ಪ್ರಾಟೆಸ್ಟೆಂಟರದ್ದಾ?

ಎಲ್ಲರದ್ದು, ಎಲ್ಲರೂ ತಡವಾಗಿ ಎದ್ದವರೇ. ಚರ್ಚುಗಳ ಜಾಗತಿಕ ಒಕ್ಕೂಟ 1983ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ ನ್ಯಾಯ, ಶಾಂತಿ, ಸೃಷ್ಟಿ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿತು. ಬಡ ದೇಶಗಳವರಿಗೆ ನ್ಯಾಯದ ಚಿಂತೆ, ಯುರೋಪಿನವರಿಗೆ ಅಣುಬಾಂಬಿನ ಚಿಂತೆ. ಎರಡನ್ನೂ ಬಿಡಿಸಲು ಆಗದೆ ಹುಟ್ಟಿದ ದಾರ ಅದು. 1989ರಲ್ಲಿ ಆರ್ಥೊಡಾಕ್ಸ್ ಧರ್ಮಾಧ್ಯಕ್ಷ ದಿಮಿತ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಅಂದರು. 1990ರ ಜನವರಿ 1ರ ಶಾಂತಿ ದಿನದ ಸಂದೇಶವನ್ನು ಪೋಪ್ ಎರಡನೇ ಜಾನ್ ಪಾಲ್ ಪೂರ್ತಿಯಾಗಿ ಪರಿಸರಕ್ಕೆ ಮೀಸಲಿಟ್ಟರು. 2010ರಲ್ಲಿ ಪೋಪ್ ಬೆನೆಡಿಕ್ಟ್ ಮತ್ತೆ ಅದೇ ಮಾತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಬರೆದ "ಲೌದಾತೊ ಸೀ" ಪತ್ರ ಹೊರಗಿನವರಿಗೂ ತಲುಪಿತು. ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಒಟ್ಟಿಗೆ ಕೇಳಬೇಕು ಅನ್ನುವುದು ಅದರ ತಿರುಳು.

ಈಗ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ "ಸೃಷ್ಟಿಯ ಕಾಲ" ಅಂತ ಬಹಳ ಸಭೆಗಳು ಆಚರಿಸುತ್ತವೆ. ನಮ್ಮ ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ, ಆ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ತಿನ್ನುತ್ತಾರೆ. ಗದ್ದೆಗಳು ಸೈಟುಗಳಾದ ಮೇಲೆ ತೆನೆ ಎಲ್ಲಿಂದ ತರುವುದು ಅನ್ನುವುದು ಈಗಿನ ಪ್ರಶ್ನೆ.

## ನೆಲದ ಮೇಲೆ ನಡೆದದ್ದು

ಬರೀ ಭಾಷಣ ಬೇಡ. ಎಲ್ಲಾದರೂ ನಿಜವಾಗಿ ಆಗಿದೆಯಾ?

ಆಗಿದೆ. ನನಗೆ ತುಂಬಾ ಇಷ್ಟವಾದದ್ದು ಜಿಂಬಾಬ್ವೆಯ ಮಸ್ವಿಂಗೋ ಪ್ರಾಂತ್ಯದ ಕೆಲಸ. ಸ್ವಲ್ಪ ಹಿಂದಿನಿಂದ ಹೇಳಬೇಕು.

ಆ ದೇಶದ ಹಳೆಯ ಹೆಸರು ರೊಡೇಷಿಯಾ. 1930ರ ಭೂ ಹಂಚಿಕೆ ಕಾನೂನಿನಲ್ಲಿ ಬೆರಳೆಣಿಕೆಯ ಬಿಳಿಯರಿಗೆ ಅರ್ಧಕ್ಕಿಂತ ಹೆಚ್ಚು ನೆಲ ಹೋಯಿತು. ಕರಿಯರನ್ನು ಉಳಿದ ಕಡೆ, ಬಹುಪಾಲು ಕಡಿಮೆ ಮಳೆಯ ಬಡ ಮಣ್ಣಿಗೆ ಒತ್ತರಿಸಿದರು. ಅಷ್ಟು ಜನ, ಅಷ್ಟು ದನ ಅಷ್ಟೇ ಜಾಗದಲ್ಲಿ ಬದುಕಿದರೆ ಕಾಡು ಉಳಿಯುತ್ತದಾ? ನೆಲಕ್ಕಾಗಿ ವರ್ಷಗಟ್ಟಲೆ ಗೆರಿಲ್ಲಾ ಯುದ್ಧ ನಡೆಯಿತು. ಶೋನಾ ಭಾಷೆಯಲ್ಲಿ ಅದಕ್ಕೆ ಚಿಮುರೆಂಗ ಅನ್ನುತ್ತಾರೆ. 1980ರಲ್ಲಿ ಸ್ವಾತಂತ್ರ್ಯ ಬಂತು. ಮಣ್ಣು ಮಾತ್ರ ಬೋಳಾಗಿಯೇ ಇತ್ತು.

ಮಾರ್ಟಿನಸ್ ಡನೀಲ್ ಅಂತ ಒಬ್ಬರು. ಮಿಷನರಿಗಳ ಮಗ, ಅಲ್ಲೇ ಬೆಳೆದವರು, ಶೋನಾ ಮಾತು ಚೆನ್ನಾಗಿ ಬಲ್ಲವರು. ಹಳ್ಳಿಗಳ ಸ್ವತಂತ್ರ ಆಫ್ರಿಕನ್ ಚರ್ಚುಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಯುದ್ಧದಲ್ಲಿ ನೆಲ ಬಿಡಿಸಿಕೊಂಡಿದ್ದೀರಿ, ಈಗ ನೆಲವನ್ನು ವಾಸಿ ಮಾಡುವ ಯುದ್ಧ ಬಾಕಿ ಇದೆ ಅನ್ನುವ ಮಾತು ಅಲ್ಲಿ ಹುಟ್ಟಿತು. "ಮರಗಳ ಯುದ್ಧ" ಅಂತ ಹೆಸರಾಯಿತು. 1988ರಲ್ಲಿ ಪೂರ್ವಿಕರನ್ನು ಪೂಜಿಸುವ ಊರ ಮುಖಂಡರು, ಮೈಮೇಲೆ ದೈವ ಬರುವವರು ಮತ್ತು ಮಾಜಿ ಗೆರಿಲ್ಲಾಗಳು ಸೇರಿ ಒಂದು ಸಂಘ ಕಟ್ಟಿದರು. 1991ರಲ್ಲಿ ಜಿಯೋನಿಸ್ಟ್, ಅಪೊಸ್ತಲಿಕ್ ಮೊದಲಾದ ಸ್ವತಂತ್ರ ಚರ್ಚುಗಳು ಇನ್ನೊಂದು ಸಂಘ ಕಟ್ಟಿದವು. (ಇಲ್ಲಿ ಜಿಯೋನಿಸ್ಟ್ ಅಂದರೆ ಇಸ್ರೇಲಿನ ರಾಜಕೀಯ ಅಲ್ಲ, ಅಮೆರಿಕದ ಜಿಯೋನ್ ಎಂಬ ಊರಿನಿಂದ ಬಂದ ಪಂಗಡದ ಹೆಸರು.) ಆ ವರ್ಷವೇ ಆಫ್ರಿಕಾ ಖಂಡದ ದಕ್ಷಿಣ ಭಾಗದ ಉದ್ದಕ್ಕೂ ಭೀಕರ ಬರ ಶುರುವಾಯಿತು. ಎರಡೂ ಸಂಘಗಳು ಸೇರಿ ಮುಂದಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಗಿಡ ನೆಟ್ಟವು. ಕಾಡುಮರ, ಹಣ್ಣಿನ ಮರ, ಸೌದೆಗೆ ನೀಲಗಿರಿ.

ಶಾಂತಿ ಎಲ್ಲಿ ಬಂತು ಅಂದರೆ, ಈ ಎರಡು ಗುಂಪುಗಳಿಗೆ ಆಗಿಬರುತ್ತಿರಲಿಲ್ಲ. ಒಬ್ಬರ ಪೂರ್ವಿಕರ ದೈವವನ್ನು ಇನ್ನೊಬ್ಬರು ದೆವ್ವ ಅನ್ನುತ್ತಿದ್ದರು. ಅಂಥವರು ಒಂದೇ ನರ್ಸರಿಯಿಂದ ಸಸಿ ಹೊತ್ತರು.

ಮರ ಕಡಿದದ್ದಕ್ಕೆ ಪಾಪ ಒಪ್ಪಿಕೊಳ್ಳೋದಾ? ಸ್ವಲ್ಪ ಅತಿಯಾಯ್ತಲ್ವಾ?

ಜಿಂಬಾಬ್ವೆಯ ಆ ಚರ್ಚುಗಳು ಗಿಡ ನೆಡುವ ಪ್ರಭುಭೋಜನ ಅಂತ ಒಂದು ಆರಾಧನೆ ರೂಪಿಸಿಕೊಂಡವು. (ಪ್ರಭುಭೋಜನ ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು.) ಅದರ ಶೋನಾ ಹೆಸರಿನ ಅರ್ಥ "ನೆಲವನ್ನು ವಾಸಿ ಮಾಡುವುದು". ಅದರ ವಿವರ ಕೇಳಿದರೆ ಅತಿ ಅನ್ನಿಸಲಿಕ್ಕಿಲ್ಲ.

ಬೋಳು ಗುಡ್ಡದ ಬುಡ. ಬಿಳಿ, ನೀಲಿ ನಿಲುವಂಗಿ ತೊಟ್ಟ ಜನ. ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸ, ಮೇಜಿನ ಸುತ್ತ ಸಸಿಗಳು. ಕುಣಿತ, ಪ್ರಸಂಗ ಆದ ಮೇಲೆ ಜನ ಸಾಲಾಗಿ ಬಂದು ತಪ್ಪು ಹೇಳುತ್ತಾರೆ. ಸುಮ್ನೆ "ನಾನು ಪಾಪಿ" ಅಂದರೆ ನಡೆಯುವುದಿಲ್ಲ. ಹೊಳೆ ದಂಡೆ ಉತ್ತೆ. ಹಸಿ ಮರ ಕಡಿದು ಮತ್ತೆ ನೆಡಲಿಲ್ಲ. ಚಕ್ರವಿಲ್ಲದ ಮರದ ಬಂಡಿಯನ್ನು ಎತ್ತಿಗೆ ಕಟ್ಟಿ ಎಳೆಸಿದೆ, ಅದು ಎಳೆದ ಗೆರೆಯೇ ಮಳೆಗೆ ಕೊರಕಲಾಯಿತು. ಹೀಗೆ ಬಿಡಿಸಿ ಹೇಳಬೇಕು. ಆಮೇಲೆ ಒಂದು ಸಸಿ ಕೈಯಲ್ಲಿ ಹಿಡಿದೇ ಪ್ರಭುಭೋಜನ ತೆಗೆದುಕೊಳ್ಳುವುದು. ಬಿಷಪ್ ಮಂತ್ರಿಸಿದ ನೀರನ್ನು ನೆಲಕ್ಕೆ ಚಿಮುಕಿಸುತ್ತಾರೆ. ಗುಂಡಿಗೆ ಗಿಡ ಇಡುವಾಗ ಗಿಡದ ಜೊತೆಗೇ ಮಾತಾಡುತ್ತಾರೆ.

ನಮ್ಮಲ್ಲಿ ಜೂನ್ 5ರಂದು ಗಿಡ ನೆಡುತ್ತೇವೆ, ಫೋಟೋ ತೆಗೆಸುತ್ತೇವೆ. ಯಾರೂ ತಾನು ಕಡಿದ ಮರದ ಲೆಕ್ಕ ಹೇಳುವುದಿಲ್ಲ. ಜಗಳವಾದ ಇಬ್ಬರ ನಡುವೆ "ತಪ್ಪಾಯಿತು" ಅನ್ನುವ ಮಾತು ಬಾರದೆ ರಾಜಿ ಆಗುತ್ತದಾ? ನೆಲದ ವಿಷಯದಲ್ಲೂ ಅವರು ಅದೇ ಕ್ರಮ ಹಿಡಿದರು. ಮೊದಲು ತಪ್ಪೊಪ್ಪಿಗೆ, ಆಮೇಲೆ ಗಿಡ.

ಬೇರೆ ಧರ್ಮದವರ ಜೊತೆ ಸೇರಿದರೆ ನಮ್ಮ ನಂಬಿಕೆ ಕರಗಿಹೋಗಲ್ವಾ?

ಜಿಂಬಾಬ್ವೆಯಲ್ಲಿ ಗಿಡ ನೆಟ್ಟ ಎರಡು ಸಂಘಗಳು ಇದಕ್ಕೊಂದು ಜಾಣ ದಾರಿ ಕಂಡುಕೊಂಡವು. ಸಂಘ ಎರಡು, ಪ್ರಾರ್ಥನೆ ಎರಡು, ಕೆಲಸ ಒಂದು. ಪೂರ್ವಿಕರ ಕಡೆಯವರು ತಮ್ಮ ಪದ್ಧತಿಯಂತೆ ಹೆಂಡ ಎರೆದು ನೆಟ್ಟರು. ಚರ್ಚಿನವರು ಪ್ರಭುಭೋಜನ ಮಾಡಿ ನೆಟ್ಟರು. ಒಬ್ಬರ ಕಾರ್ಯಕ್ಕೆ ಇನ್ನೊಬ್ಬರು ಅತಿಥಿಗಳಾಗಿ ಹೋದರು. ಅಲ್ಲಿ ಮರ ಕಡಿಯಬಾರದ ಪವಿತ್ರ ತೋಪುಗಳಿವೆ, ನಮ್ಮ ಕೊಡಗಿನ ದೇವರಕಾಡಿನ ಹಾಗೆ. ಅವುಗಳನ್ನು ತಲೆಮಾರುಗಳಿಂದ ಉಳಿಸಿದವರು ಪೂರ್ವಿಕರನ್ನು ನಂಬುವವರು. ಅದನ್ನು ಒಪ್ಪಿಕೊಳ್ಳಲು ಕ್ರೈಸ್ತರು ತಮ್ಮ ನಂಬಿಕೆ ಬಿಡಬೇಕಾಗಲಿಲ್ಲ.

ಲೆಬನಾನ್‌ನಲ್ಲೂ ಇಂಥದ್ದೊಂದಿದೆ. ಅಲ್ಲಿ 1975ರಿಂದ 1990ರವರೆಗೆ ಕ್ರೈಸ್ತರು, ಮುಸ್ಲಿಮರು, ದ್ರೂಜರು ಕಾದಾಡಿದರು. ಯುದ್ಧ ಮುಗಿದ ಮೇಲೆ ಬೆಕಾ ಕಣಿವೆಯಲ್ಲಿ ಉಳಿದಿದ್ದ ಅಮ್ಮೀಕ್ ಜೌಗು ಪ್ರದೇಶವನ್ನು ಉಳಿಸಲು "ಅ ರೋಶಾ" ಎಂಬ ಕ್ರೈಸ್ತ ಸಂಸ್ಥೆ ವರ್ಷಗಳ ಕಾಲ ಕೆಲಸ ಮಾಡಿತು. ವಲಸೆ ಹಕ್ಕಿಗಳಿಗೆ ಅದು ದೊಡ್ಡ ತಂಗುದಾಣ. ಜೌಗನ್ನು ಬಳಸುವವರು ಎಲ್ಲಾ ಪಂಗಡದವರು: ಜಮೀನಿನ ಒಡೆಯರು, ಕುರುಬರು, ಬೇಟೆಗಾರರು. ನೀರು ಎಷ್ಟು ಬಿಡಬೇಕು ಅನ್ನುವ ಮಾತಿಗೆ ಕೂತಾಗ ಯಾರು ಯಾವ ದೇವರಿಗೆ ಕೈಮುಗಿಯುತ್ತಾರೆ ಅನ್ನುವುದು ಎರಡನೇ ಮಾತಾಗುತ್ತದೆ.

ಗಲಾಟೆ ನಡೀತಾ ಇರೋ ಕಡೆ ಗಿಡ ನೆಡೋದು ತಮಾಷೆ ಅನ್ನಿಸಲ್ವಾ?

ಬೆತ್ಲೆಹೇಮ್ ಹತ್ತಿರ ನಸ್ಸಾರ್ ಅನ್ನುವ ಪ್ಯಾಲೆಸ್ತೀನಿ ಕ್ರೈಸ್ತ ಕುಟುಂಬದ ತೋಟವಿದೆ. 1916ರಲ್ಲಿ ಕೊಂಡ ಗುಡ್ಡ. 1991ರಲ್ಲಿ ಇಸ್ರೇಲ್ ಆಡಳಿತ ಅದನ್ನು ಸರ್ಕಾರಿ ಭೂಮಿ ಅಂದಿತು. ಅಂದಿನಿಂದ ಕೋರ್ಟು ಅಲೆಯುತ್ತಿದ್ದಾರೆ. ಸುತ್ತ ಇಸ್ರೇಲಿಗರ ವಸಾಹತುಗಳು. ಕರೆಂಟಿನ ಲೈನ್ ಇಲ್ಲ, ನಲ್ಲಿ ಇಲ್ಲ. ಸೋಲಾರ್ ಮತ್ತು ಮಳೆನೀರಿನ ತೊಟ್ಟಿಯಲ್ಲೇ ಬದುಕು. ಗೇಟಿನ ಕಲ್ಲಿನ ಮೇಲೆ ಹಲವು ಭಾಷೆಗಳಲ್ಲಿ ಬರೆದಿದೆ: ನಾವು ಶತ್ರುಗಳಾಗಲು ಒಪ್ಪುವುದಿಲ್ಲ.

2014ರ ಮೇ ತಿಂಗಳಲ್ಲಿ ಸೇನೆಯ ಬುಲ್ಡೋಜರ್ ಬಂದು ಏಪ್ರಿಕಾಟ್, ಸೇಬು, ದ್ರಾಕ್ಷಿ ಸೇರಿ ಸಾವಿರಕ್ಕೂ ಹೆಚ್ಚು ಹಣ್ಣಿನ ಮರಗಳನ್ನು ಮಗುಚಿತು. ಕೊಯ್ಲಿಗೆ ಇನ್ನು ಸ್ವಲ್ಪ ದಿನ ಇತ್ತಷ್ಟೇ. ಅವರು ಮತ್ತೆ ನೆಟ್ಟರು. ಕೈಜೋಡಿಸಲು ಬಂದವರಲ್ಲಿ ಯಹೂದಿಗಳೂ ಇದ್ದರು. ಮುತ್ತಿಗೆಯಲ್ಲೂ ಹಣ್ಣಿನ ಮರ ಕಡಿಯಬೇಡ ಅನ್ನುವ ನಿಯಮ ಎರಡೂ ಧರ್ಮಗಳ ಗ್ರಂಥದಲ್ಲಿ ಇದೆ. ಕೋರ್ಟಿನ ಕೇಸು ಇದರಿಂದ ಮುಗಿಯಲಿಲ್ಲ, ಆ ಮಾತನ್ನೂ ಹೇಳಬೇಕು.

ಅಲ್ಲಿಂದ ಬಹಳ ದೂರವಲ್ಲದ ಯೊರ್ದಾನ್ ನದಿ ದಂಡೆಯಲ್ಲಿ, ಯೇಸು ದೀಕ್ಷಾಸ್ನಾನ ಪಡೆದರು ಅನ್ನುವ ಜಾಗದ ಸುತ್ತ, 1967ರ ಯುದ್ಧದ ನಂತರ ಹುಗಿದ ನೆಲಬಾಂಬುಗಳು ದಶಕಗಳ ಕಾಲ ಹಾಗೇ ಇದ್ದವು. ಕಾಪ್ಟಿಕ್, ಇಥಿಯೋಪಿಯನ್, ಫ್ರಾನ್ಸಿಸ್ಕನ್ ಹೀಗೆ ಹಲವು ಪಂಗಡಗಳ ಚರ್ಚುಗಳಿಗೆ ಕಾಲಿಡುವ ಹಾಗಿರಲಿಲ್ಲ. 2018ರಲ್ಲಿ ಹೇಲೋ ಟ್ರಸ್ಟ್ ಎಂಬ ನೆಲಬಾಂಬು ತೆಗೆಯುವ ಸಂಸ್ಥೆ ಅವುಗಳನ್ನು ತೆಗೆಯಲು ಶುರು ಮಾಡಿತು. ಇಸ್ರೇಲಿಗರು, ಪ್ಯಾಲೆಸ್ತೀನಿಯರು, ಅಷ್ಟೂ ಚರ್ಚುಗಳು ಒಪ್ಪಬೇಕಿತ್ತು. ಒಪ್ಪಿದರು.

ಕಾಡು ಉಳಿಸಿ ಅಂದ್ರೆ ಬಡವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ?

ಎಷ್ಟೋ ಸಲ ಹೌದು. ಬೇಲಿ ಹಾಕಿ ಜನರನ್ನು ಹೊರಗೆ ದಬ್ಬಿದ ಸಂರಕ್ಷಣೆ ಹೊಸ ಜಗಳಗಳನ್ನು ಹುಟ್ಟಿಸಿದೆ. ಒಳ್ಳೆಯ ಉದಾಹರಣೆಗಳಲ್ಲಿ ಬಡವರ ಲೆಕ್ಕ ಮೊದಲೇ ಸೇರಿರುತ್ತದೆ.

ಉತ್ತರ ಇಥಿಯೋಪಿಯದಲ್ಲಿ ಬೋಳು ಹೊಲಗಳ ನಡುವೆ ಹಸಿರು ಬೊಟ್ಟಿನಂತೆ ಕಾಣುವುದು ಆರ್ಥೊಡಾಕ್ಸ್ ಚರ್ಚುಗಳ ಸುತ್ತಲಿನ ಕಾಡು. ದನ ನುಗ್ಗಿ ಅವು ಕರಗುತ್ತಿದ್ದವು. ಅಲೆಮಾಯೆಹು ವಾಸ್ಸೆ ಎಂಬ ಅಲ್ಲಿನ ವಿಜ್ಞಾನಿ ಮತ್ತು ಅಮೆರಿಕದ ಮೆಗ್ ಲೋಮನ್ ಪಾದ್ರಿಗಳ ಜೊತೆ ಮಾತಾಡಿ ಕಲ್ಲಿನ ಗೋಡೆ ಕಟ್ಟಿಸುವುದಕ್ಕೆ ನೆರವಾದರು. ಕಲ್ಲು ಎಲ್ಲಿಂದ? ಪಕ್ಕದ ರೈತರ ಹೊಲದಿಂದ. ಹೊಲ ಹಸನಾಯಿತು, ಕಾಡಿಗೆ ಗೋಡೆ ಸಿಕ್ಕಿತು.

ಕೀನ್ಯದ ಕರಾವಳಿಯ ಅರಬುಕೊ-ಸೊಕೊಕೆ ಕಾಡಿನ ಅಂಚಿನಲ್ಲಿ ಪ್ರವಾಸಿಗರಿಂದ ಬಂದ ಹಣದಲ್ಲಿ ಹಳ್ಳಿ ಮಕ್ಕಳ ಹೈಸ್ಕೂಲ್ ಫೀಸು ಕಟ್ಟುತ್ತಾರೆ. ಮರ ಕಡಿಯದಿರುವುದು ಅಪ್ಪ ಅಮ್ಮಂದಿರ ಪಾಲಿನ ಮಾತು. ಇದೂ ಅ ರೋಶಾ ಸಂಸ್ಥೆಯ ಕೆಲಸವೇ. ಅದರ ಭಾರತದ ಶಾಖೆ ನಮ್ಮ ಬನ್ನೇರುಘಟ್ಟದ ಅಂಚಿನಲ್ಲಿ ಆನೆ ಮತ್ತು ರೈತರ ಸಂಘರ್ಷದ ಬಗ್ಗೆ ಕೆಲಸ ಮಾಡಿದೆ. ರಾಗಿ ತೆನೆ ಕಟ್ಟಿದ ಮೇಲೆ ರಾತ್ರಿಯಿಡೀ ಅಟ್ಟಣೆ ಮೇಲೆ ಚಳಿಯಲ್ಲಿ ಕೂರುವ ರೈತನಿಗೆ ಆನೆಯ ಮೇಲೆ ಪ್ರೀತಿ ಇರಲಿ ಅಂತ ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ.

## ಕಷ್ಟದ ಪ್ರಶ್ನೆಗಳು

ಶಾಂತಿ ಅಂದ್ರೆ ಎಲ್ಲರ ಜೊತೆ ಹೊಂದಿಕೊಂಡು ಹೋಗೋದು ತಾನೆ? ಹೋರಾಟ ಯಾಕೆ?

ಡೊರೊತಿ ಸ್ಟ್ಯಾಂಗ್ ಅಂತ ಅಮೆರಿಕದಲ್ಲಿ ಹುಟ್ಟಿದ ಸಿಸ್ಟರ್ (ಕ್ಯಾಥೊಲಿಕ್ ಸನ್ಯಾಸಿನಿ) ಬ್ರೆಜಿಲಿನ ಪರಾ ರಾಜ್ಯದಲ್ಲಿ ದಶಕಗಳ ಕಾಲ ಭೂಹೀನ ರೈತರ ಜೊತೆ ಇದ್ದರು. ಕಾಡು ಕಡಿಯದೆ ಬೇಸಾಯ ಮಾಡುವುದನ್ನು ಕಲಿಸಿದರು. ಕಾಡು ಸುಟ್ಟು ದನದ ಹುಲ್ಲುಗಾವಲು ಮಾಡುವ ಜಮೀನ್ದಾರರಿಗೆ ಅವರು ಕಣ್ಣುರಿ. 2005ರ ಫೆಬ್ರವರಿ 12ರಂದು ಅನಾಪು ಊರಿನ ಹತ್ತಿರ ಮಣ್ಣಿನ ದಾರಿಯಲ್ಲಿ ಬಾಡಿಗೆ ಕೊಲೆಗಾರರು ಅವರನ್ನು ತಡೆದರು. ಆಯುಧ ಇದೆಯಾ ಅಂತ ಕೇಳಿದ್ದಕ್ಕೆ ಬೈಬಲ್ ತೋರಿಸಿ, ಅದರಿಂದ ಓದಿದರು ಅಂತ ಕಣ್ಣಾರೆ ಕಂಡವರು ಹೇಳಿದ್ದಾರೆ. ಆಗ ಅವರಿಗೆ 73 ವರ್ಷ.

ಹೊಂದಿಕೊಂಡು ಹೋಗಿದ್ದರೆ ಅವರು ಬದುಕಿರುತ್ತಿದ್ದರು, ಆ ರೈತರಿಗೆ ನೆಲ ಇರುತ್ತಿರಲಿಲ್ಲ. ಶಾಲೋಮ್ ಅನ್ನುವ ಹೀಬ್ರೂ ಮಾತಿನಲ್ಲಿ ಎಲ್ಲರಿಗೂ ಸಾಕಾಗುವಷ್ಟು ಇರುವುದು ಅನ್ನುವ ಅರ್ಥವೂ ಸೇರಿದೆ. ಗದ್ದಲ ಇಲ್ಲದಿರುವುದಷ್ಟೇ ಶಾಂತಿ ಅಂದರೆ ಸ್ಮಶಾನಕ್ಕಿಂತ ಒಳ್ಳೆಯ ಜಾಗ ಇಲ್ಲ.

ನೇರವಾಗಿ ಕೇಳ್ತೀನಿ. ಪರಿಸರದ ಹೆಸರಲ್ಲಿ ಮತಾಂತರ ಅಲ್ವಾ ಇದು?

ಕೇಳಿದ್ದು ಒಳ್ಳೆಯದಾಯಿತು. ಗಿಡ ಕೊಟ್ಟು ಆತ್ಮ ಕೇಳುವವರಿದ್ದರೆ ಅದು ವ್ಯಾಪಾರ, ನಾನು ಅದರ ಪರ ಮಾತಾಡುವುದಿಲ್ಲ. ನಮ್ಮ ಬೋರ್‌ವೆಲ್‌ನಿಂದ ಬತ್ತಿದ ಬಾವಿಯ ಅಜ್ಜಿಗೆ ಇಂಗುಗುಂಡಿ ಮಾಡಿಸಿದೆವು ಅಂದೆನಲ್ಲ, ಅವರು ಇವತ್ತಿಗೂ ಚರ್ಚಿನ ಒಳಗೆ ಬಂದಿಲ್ಲ. ನಾವು ಕರೆದೂ ಇಲ್ಲ. ತೆಗೆದುಕೊಂಡ ನೀರನ್ನು ವಾಪಸು ಕೊಡುವಾಗ ಷರತ್ತು ಹಾಕಲು ನಮಗೆ ಯಾವ ಮುಖ ಇತ್ತು?

ಜಿಂಬಾಬ್ವೆಯಲ್ಲಿ ಅಷ್ಟು ಚೆನ್ನಾಗಿತ್ತಲ್ಲ, ಈಗ ಹೇಗಿದೆ?

ಮೊದಲಿನ ಭರಾಟೆ ಇಲ್ಲ. 2000ದ ನಂತರ ಆ ದೇಶದಲ್ಲಿ ಭೂಮಿಯ ಹೆಸರಲ್ಲೇ ರಾಜಕೀಯ ಬಿಕ್ಕಟ್ಟು ಬಂತು. 2008ರ ಹೊತ್ತಿಗೆ ಹಣದ ಬೆಲೆ ಕಾಗದಕ್ಕಿಂತ ಕಡೆಯಾಯಿತು. ಅಂಥ ಹೊತ್ತಲ್ಲಿ ನರ್ಸರಿ ನಡೆಸುವುದು ಹೇಗೆ? ಒಳಗಿನ ತೊಡಕುಗಳೂ ಇದ್ದವು. ನೆಟ್ಟ ಎಲ್ಲಾ ಗಿಡ ಬದುಕಲಿಲ್ಲ. ಬರ, ಮೇಕೆ, ಗೆದ್ದಲು. ಹೊರಗಿನ ದುಡ್ಡಿನ ಮೇಲೆ ನಿಂತ ಕೆಲಸ ದುಡ್ಡು ನಿಂತಾಗ ಕುಂಟುತ್ತದೆ.

ಇನ್ನೊಂದು ತೊಡಕು ನನ್ನನ್ನು ಜಾಸ್ತಿ ಕಾಡುತ್ತದೆ. ಗಿಡ ನೆಡುತ್ತಿದ್ದ ಆ ಮೊದಲ ವರ್ಷಗಳಲ್ಲಿ ಒಳ್ಳೆಯ ನೆಲದ ಬಹುಪಾಲು ಇನ್ನೂ ದೊಡ್ಡ ಒಡೆಯರ ಕೈಯಲ್ಲೇ ಇತ್ತು. ಬಡವರು ತಮ್ಮ ಬೋಳು ಗುಡ್ಡದಲ್ಲಿ ತಪ್ಪೊಪ್ಪಿಕೊಂಡು ಗಿಡ ನೆಟ್ಟರು. ಅವರನ್ನು ಆ ಗುಡ್ಡಕ್ಕೆ ಅಟ್ಟಿದವರು ಯಾವ ಸಾಲಿನಲ್ಲಿ ನಿಂತು ಏನು ಒಪ್ಪಿಕೊಂಡರು? ನಮ್ಮ ಊರಲ್ಲೂ ಈ ಪ್ರಶ್ನೆ ಇದೆ. ಪ್ಲಾಸ್ಟಿಕ್ ಲೋಟದ ಬಗ್ಗೆ ಸಂಡೆ ಸ್ಕೂಲಿನ ಮಕ್ಕಳಿಗೆ ಪಾಠ ಮಾಡುತ್ತೇವೆ. ಬೋರ್‌ವೆಲ್ ಕೊರೆಸಿದ ಹಿರಿಯರ ಸಮಿತಿಯಲ್ಲಿ ನಾನೂ ಇದ್ದೆ, ಆ ಪಾಠಕ್ಕೆ ನಮ್ಮನ್ನು ಯಾರೂ ಕೂರಿಸಲಿಲ್ಲ.

ನಮ್ಮ ಸಭೆಯಲ್ಲಿ ಎಲ್ಲಿಂದ ಶುರು ಮಾಡೋದು?

ಗಿಡದಿಂದ ಬೇಡ. ಕಾಂಪೌಂಡಿನ ಸುತ್ತ ಒಂದು ಸುತ್ತು ಹಾಕಿ. ನಿಮ್ಮ ಬಚ್ಚಲ ನೀರು ಯಾರ ಮನೆ ಮುಂದೆ ಹೋಗುತ್ತಿದೆ, ನಿಮ್ಮ ಕಸ ಯಾರ ಖಾಲಿ ಸೈಟಿನಲ್ಲಿ ಉರಿಯುತ್ತಿದೆ, ನಿಮ್ಮ ಮರದ ಎಲೆ ಯಾರ ಚಾವಣಿಯಲ್ಲಿ ಕೊಳೆಯುತ್ತಿದೆ ನೋಡಿ. ಆ ಮನೆಗಳ ಬಾಗಿಲು ತಟ್ಟಿ. ಕರಪತ್ರ ತೆಗೆದುಕೊಂಡು ಹೋಗಬೇಡಿ. ಕಾಫಿ ಕೊಟ್ಟರೆ ಕುಡಿಯಿರಿ, ಬೈದರೆ ಕೇಳಿಸಿಕೊಳ್ಳಿ. ಗಿಡ ನೆಡುವ ಮಾತು ಬಂದಾಗ ಎಲ್ಲಿ, ಯಾವುದು ಅಂತ ಅವರೂ ಹೇಳಲಿ. ನಾವು ಒಮ್ಮೆ ನೆರಳಿಗೆ ಅಂತ ಮಳೆಮರ ನೆಡಲು ಹೊರಟಾಗ ಹಿಂದಿನ ಬೀದಿಯವರು ಬೇಡ ಅಂದು ನೆಲ್ಲಿ, ನೇರಳೆ ಕೇಳಿದರು. ನೇರಳೆ ಹಣ್ಣಿಗೆ ಮಕ್ಕಳು ಕಾಂಪೌಂಡ್ ಹತ್ತುತ್ತಾರೆ ಅಂತ ಗಾಜಿನ ಚೂರುಗಳನ್ನು ಕಿತ್ತುಹಾಕಬೇಕಾಯಿತು.

ಶಾಂತಿ ಬಂತು ಅಂತ ಅಳೆಯೋದು ಹೇಗೆ? ವರದಿಗೆ ಏನು ಬರೀಲಿ?

ಎಷ್ಟು ಗಿಡ ನೆಟ್ಟಿರಿ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಎರಡನೇ ಬೇಸಿಗೆ ದಾಟಿದ್ದು ಎಷ್ಟು ಅಂತ ಬರೆಯಿರಿ. ನೀರು ಹಾಕಿದ್ದು ಯಾರು ಅಂತಲೂ ಬರೆಯಿರಿ. ಬರೀ ನಿಮ್ಮವರೇ ಹಾಕಿದ್ದರೆ ಅದು ತೋಟಗಾರಿಕೆ, ತಪ್ಪೇನಿಲ್ಲ.

ನಮ್ಮಲ್ಲಿ ಒಂದು ಹಗ್ಗ ಇದೆ. ಮೊಳಕ್ಕೊಂದರಂತೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿದ್ದೇವೆ. ತಿಂಗಳಿಗೊಮ್ಮೆ ಅಜ್ಜಿಯ ಮೊಮ್ಮಗ ಮತ್ತು ನಮ್ಮ ಸಂಡೆ ಸ್ಕೂಲಿನ ಒಬ್ಬ ಹುಡುಗ ಆ ಬಾವಿಗೆ ಹಗ್ಗ ಇಳಿಸಿ ಎಷ್ಟು ಗಂಟು ಒದ್ದೆಯಾಯಿತು ಅಂತ ಎಣಿಸುತ್ತಾರೆ. ರಿಜಿಸ್ಟರ್‌ನಲ್ಲಿ ಇಬ್ಬರೂ ಸಹಿ ಹಾಕಬೇಕು. ಹೋದ ಏಪ್ರಿಲ್‌ನಲ್ಲಿ ಒಬ್ಬ ನಾಲ್ಕು ಅಂದ, ಇನ್ನೊಬ್ಬ ಐದು ಅಂದ. ಜೋರು ಜಗಳವಾಯಿತು. ಅಜ್ಜಿ ಒಳಗಿಂದ ಬಂದು ಹಗ್ಗ ಕಸಿದುಕೊಂಡು ತಾವೇ ಇಳಿಸಿದರು. ನಾಲ್ಕೂವರೆ ಅಂತ ಬರೆಸಿದ್ದಾರೆ.